ಬ್ರೋಘಿಲ್‌ನಲ್ಲಿ ಖರ್ಚಾಗದ ಬ್ಯಾಂಡೇಜು

ಮಸ್ತೂಜಿನಿಂದ ಎರಡು ದಿನದ ದಾರಿ. ಜೀಪು ಕೈಬಿಟ್ಟ ಮೇಲೆ
ಹೇಸರಗತ್ತೆಯ ಬೆನ್ನಿಗೆ ಬಿಗಿದು ತಂದೆ ನನ್ನ ತಗಡಿನ ಪೆಟ್ಟಿಗೆ:
ಟಿಂಚರು, ಹತ್ತಿ, ಹದಿನೆಂಟು ಸೂಜಿ, ರೇಷ್ಮೆ ದಾರ,
ಬ್ಯಾಂಡೇಜು ನಲವತ್ತು ಸುರುಳಿ,
ಮೂಲೆ ತುಂಬಲೆಂದು ಕಣ್ಣಿನ ಹನಿ ಎರಡು ಸೀಸೆ.
ಪೋಲೋ ಇದೆ, ಹೋಗು, ಎಂದಿದ್ದರು ಡಾಕ್ಟರು.
ಪೋಲೋ ಎಂದರೇನೆಂದು ನನಗೆ ಗೊತ್ತು.

ಶಂದೂರಿನ ಬಯಲಲ್ಲಿ ಹನ್ನೊಂದು ಬೇಸಿಗೆ ಹಣೆ ಹೊಲಿದವನು ನಾನು.
ಅಲ್ಲಿ ಕುದುರೆಯ ಕಾಲು ನೆಲಕ್ಕೆ ತಾಗುವುದಿಲ್ಲ,
ನಿಯಮವೆಂಬುದು ನೋಡಲು ಬಂದವರ ಚಿಂತೆ.
ಬೂನಿಯ ಶೇರ್ ಹಯಾತ್ ಹುಬ್ಬು ಹರಿದುಕೊಂಡು ಬಂದ,
ಇಳಿಯಲೂ ಇಲ್ಲ, ತಡಿಯಿಂದಲೇ ಬಾಗಿ
"ಬೇಗ ಹೊಲಿ ಮಾರಾಯ" ಎಂದ.
ಏಳನೇ ಹೊಲಿಗೆಗೆ ಕುದುರೆ ಕಿತ್ತಿತು ಓಟ,
ದಾರದ ತುದಿ ನನ್ನ ಬೆರಳಲ್ಲೇ ಉಳಿಯಿತು.
ಅವನ ಮುಂದಿನ ಹಲ್ಲೊಂದು ಈಗಲೂ ಪೆಟ್ಟಿಗೆಯ ತಳದಲ್ಲಿದೆ.
ಅವನು ಕೇಳಲಿಲ್ಲ, ನಾನು ಎಸೆಯಲಿಲ್ಲ.

ಇಲ್ಲಿ, ಉಸಿರು ಅರ್ಧಕ್ಕೇ ಮುಗಿಯುವ ಎತ್ತರದಲ್ಲಿ,
ಕುದುರೆಗಳಿಲ್ಲ. ಚಮರೀಮೃಗಗಳು.
ನೆಲ ಗುಡಿಸುವ ಕೂದಲು, ಮೂಗಿಗೆ ಹಗ್ಗ,
ಕಂಬಳಿ ಹೊದ್ದು ಜಗಳಕ್ಕೆ ಬೇಸತ್ತ ಮುಖ.
ಕೆಳಗಿನ ಬಯಲುನಾಡಲ್ಲಿ ಈ ಬಾಲವನ್ನು
ದೇವರಿಗೂ ದೊರೆಗೂ ಬೀಸುತ್ತಿದ್ದರಂತೆ.
ಇಲ್ಲಿ ಅದು ತನ್ನ ನೊಣ ತಾನೇ ಓಡಿಸಿಕೊಳ್ಳುತ್ತದೆ.

ಆಟ ಶುರುವಾಯಿತು. ಅಂದರೆ, ಒಬ್ಬ ಶುರು ಎಂದು ಕೂಗಿದ.
ಹತ್ತು ಯಾಕುಗಳಲ್ಲಿ ಮೂರು ನಡೆದವು,
ಒಂದು ಹಿಂದಕ್ಕೆ,
ಎರಡು ಹುಲ್ಲು ಕಂಡಲ್ಲೇ ತಲೆ ತಗ್ಗಿಸಿದವು,
ಉಳಿದವು ಯೋಚಿಸತೊಡಗಿದವು.
ಪಂಜ್‌ಶಂಬೆ (ಗುರುವಾರ ಹುಟ್ಟಿದವನಿಗೆ ಗುರುವಾರವೆಂದೇ ಹೆಸರು)
ಕೋಲು ಚಾಚಿ ಚೆಂಡು ಮುಟ್ಟುವಷ್ಟರಲ್ಲಿ
ಅವನ ಸವಾರಿ ಎರಡು ಹೆಜ್ಜೆ ಆಚೆಗಿತ್ತು.
ತಿರುಗಿಸಿದ. ಹಿಮ್ಮಡಿಯಿಂದ ತಿವಿದ. ಆಣೆ ಹಾಕಿದ.
ಯಾಕು ಕೆಮ್ಮಿತು. ಆಮೇಲೆ
ಮಗಳ ಮದುವೆ ಮುಗಿಸಿದವರ ಹಾಗೆ
ಮುಂಗಾಲು ಮಡಿಸಿ, ಹಿಂಗಾಲು ಮಡಿಸಿ
ಚೆಂಡಿನ ಮೇಲೆಯೇ ಮಲಗಿಬಿಟ್ಟಿತು.
ಯಾಕೆ ಎಂದು ಯಾಕನ್ನು ಕೇಳುವವರಾರು?

ಎರಡೂ ತಂಡ ಇಳಿದು ಬಂದವು.
ದೂಡಿದರು, ಹಗ್ಗ ಎಳೆದರು, ಅಂಗೈಯಲ್ಲಿ ಉಪ್ಪು ತೋರಿಸಿದರು.
ಬೈದವರೂ ಬೈಸಿಕೊಂಡವರೂ ಒಂದೇ ಬೆನ್ನಿಗೆ ಹೆಗಲು ಕೊಟ್ಟರು.
ಒಬ್ಬನಿಗಾದರೂ ತರಚುಗಾಯ?
ಪೆಟ್ಟಿಗೆಯ ಚಿಲಕ ತೆಗೆದೆ, ಹಾಕಿದೆ, ತೆಗೆದೆ.

ಉಪ್ಪಿನ ಹಾಲುಚಹಾ ತಂದಳು ಗುಲ್‌ಬೇಗಿಂ,
ಮಲಗಿದ ಯಾಕಿನ ಒಡತಿ.
"ವೈದ್ಯನೇನು?"
"ಅಲ್ಲ ತಾಯಿ, ಕಂಪೌಂಡರು."
ಹಾಗಾದರೂ ನೋಡು, ಎಂದು ರೆಪ್ಪೆ ಬಿಡಿಸಿ ತೋರಿದಳು.
ಸಗಣಿಯ ಹೊಗೆ, ನಲವತ್ತು ಚಳಿಗಾಲದ್ದು,
ಕೆಂಪಗೆ ಕೂತಿತ್ತು ಒಳಗೆ.
ಅವಳ ಹಿಂದೆ ಅವಳ ಸೊಸೆ, ಅದೇ ಕಣ್ಣು.
ಸೊಸೆಯ ಹಿಂದೆ ಮೊಮ್ಮಗಳು, ಈಗಷ್ಟೇ ಉಜ್ಜಿಕೊಳ್ಳಲು ಕಲಿತಿದ್ದಾಳೆ.
ಹದಿನೆಂಟು ಸೂಜಿ ಇದ್ದವು ನನ್ನ ಬಳಿ.
ಹೊಲಿಯಲು ಅಲ್ಲಿ ಅಂಚುಗಳೇ ಇರಲಿಲ್ಲ.

ತೊಳೆದೆ. ಹನಿ ಬಿಟ್ಟೆ. ಇನ್ನೊಬ್ಬಳಿಗೆ ಬಿಟ್ಟೆ.
ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಬಿಟ್ಟೆ.
ಸಾಲಿನ ಕೊನೆ ಕಾಣದಷ್ಟು ಉದ್ದವಾಗಿತ್ತು,
ಆಟ ನೋಡುತ್ತಿದ್ದವರು ಕಡಿಮೆಯಾಗಿದ್ದರು.

ಸೂರ್ಯ ಬೆಟ್ಟದಂಚಿಗೆ ತಾಗಿದಾಗ
ಗುಲ್‌ಬೇಗಿಂ, ಕಣ್ಣಿಗೆ ಒದ್ದೆ ಹತ್ತಿ ಒತ್ತಿಕೊಂಡು,
ಅತ್ತ ತಿರುಗಿಯೂ ನೋಡದೆ
ನಾಲಗೆಯಲ್ಲಿ ಒಂದು ಸದ್ದು ಮಾಡಿದಳು,
ಕರೆಯುವ ಹೊತ್ತಿನ ಸದ್ದು.
ಯಾಕು ಎದ್ದಿತು. ಹಾಲಿನ ಭಾರಕ್ಕೆ ಒಲೆಯುತ್ತ ನಡೆದೇಬಿಟ್ಟಿತು,
ಪಂಜ್‌ಶಂಬೆ ಕೋಲು ಹಿಡಿದು ಹಿಂದೆ ಹಿಂದೆ.
ಚೆಂಡು ಅಲ್ಲೇ, ಬೆಚ್ಚಗಿನ ಹುಲ್ಲಲ್ಲಿ
ಬೆರಳುದ್ದ ಹೂತಿತ್ತು. ಯಾರೂ ಬಾಗಲಿಲ್ಲ.

ಮಸ್ತೂಜಿಗೆ ಮರಳಿ ರಿಜಿಸ್ಟರು ತುಂಬಿದೆ.
ಗಾಯಾಳುಗಳು: ಸೊನ್ನೆ.
ಬ್ಯಾಂಡೇಜು: ನಲವತ್ತಕ್ಕೆ ನಲವತ್ತು.
ಕಣ್ಣಿನ ಹನಿ: ಎರಡೂ ಖಾಲಿ.
ಕಾರಣ ಎಂಬ ಕಾಲಮ್ಮಿನ ಮುಂದೆ ಪೆನ್ನು ತುಸು ನಿಂತಿತು,
ಆ ಯಾಕಿನ ಹಾಗೆ.
ಆಮೇಲೆ ಬರೆದೆ: ಪೋಲೋ.